ಮುಂದಿನ ಗಾಲಿ ಕರ್ರಗ ಮಾಡದ ಬ್ರೇಕ್ ಪ್ಯಾಡ್ ಯಾವುದು? ಕಲಬುರಗಿ, ಬೀದರ್, ಯಾದಗಿರಿ ಗಾಡಿಯವರ ಚರ್ಚೆ

ಸೇಡಂ ರೋಡ್:

ಎಲ್ಲಾರಿಗೂ ಶರಣ್ರಿ. ಗಾಡಿ ಯುರೋಪ್ ಕಂಪನಿ ಸೆಡಾನ್, ಪೆಟ್ರೋಲ್. ಮುಂದ ಡಿಸ್ಕ್, ಹಿಂದ ಡ್ರಮ್, 16 ಇಂಚಿನ ಬೆಳ್ಳಿ ಬಣ್ಣದ ಅಲಾಯ್. ಮುಂದಿನ ಎರಡೂ ಗಾಲಿ ತೊಳದ ನಾಕೈದು ದಿನಕ್ಕ ಕರ್ರಗ ಆಗ್ತಾವ, ಹಿಂದಿನವು ಬರೇ ಮಣ್ಣಿನ ಧೂಳು. ಪ್ಯಾಡ್ (ಡಿಸ್ಕಿಗೆ ಒತ್ತಿ ಗಾಡಿ ನಿಲ್ಲಿಸೋ ತುಂಡು) ಹೆಂಗೂ ಸವದು 4 ಮಿ.ಮೀ. ದಪ್ಪಕ್ಕ ಬಂದಾವ, ಬದಲಿ ಮಾಡೋದೇ ಅದ. ಬಿಡಿಭಾಗದ ಅಂಗಡಿಯವರು ಸಿರಾಮಿಕ್ ತಗೋರಿ ಅಂತಾರ, ಸರ್ವಿಸ್‌ದವರು ಕಂಪನಿದು ಬಿಟ್ಟು ಬ್ಯಾರೆ ಹಾಕಬ್ಯಾಡ್ರಿ ಅಂತಾರ. ಓಡಾಟ ಭಾಳ ಮಾಡಿ ಊರಾಗ, ನಡುನಡುವ ಹುಮನಾಬಾದ್ ಮ್ಯಾಲ ಹೈದರಾಬಾದ್. ಯಾವುದು ಬರೋಬ್ಬರಿ?

ಬಿಡಿಭಾಗ ಕೌಂಟರ್:

ಇಬ್ಬರು ಹೇಳೋದ್ರಾಗೂ ಅರ್ಧ ಅರ್ಧ ಖರೆ ಅದ್ರಿ. ಮೊದಲು ಪ್ಯಾಡ್‌ನಾಗ ಏನಿರ್ತದ ನೋಡ್ರಿ.

ಸೆಮಿ ಮೆಟಾಲಿಕ್ ಅಂದ್ರ ತೂಕದ ಲೆಕ್ಕದಾಗ ಸುಮಾರು ಶೇ. 30ರಿಂದ 65ರ ತನಕ ಲೋಹ: ಕಬ್ಬಿಣದ ಪುಡಿ, ಉಕ್ಕಿನ ನಾರು. ಶಾಖ ತಡೀತದ, ಡಿಸ್ಕ್ ತಿಂತದ, ಸದ್ದೂ ಮಾಡ್ತದ. ಲೋ ಮೆಟಾಲಿಕ್ ಅಂದ್ರ ಆರ್ಗ್ಯಾನಿಕ್ ಮಿಶ್ರಣಕ್ಕ ಸ್ವಲ್ಪ ಉಕ್ಕು ಸೇರಿಸಿದ್ದು. ಯುರೋಪ್ ಗಾಡಿಗಳಿಗೆ ಫ್ಯಾಕ್ಟರಿಯಿಂದಲೇ ಬರೋದು ಹೆಚ್ಚಾಗಿ ಇದೇ. ಆಟೊಬಾನ್ ಮ್ಯಾಲ 200ರ ವೇಗದಿಂದ ನಿಲ್ಲಿಸೋ ಸಲುವಾಗಿ ಮಾಡಿದ ಪ್ಯಾಡ್ ಅದು, ನಮ್ಮ ಜಗತ್ ಸರ್ಕಲ್ ಸಿಗ್ನಲ್‌ದಾಗ ನಿಲ್ಲೋ ಸಲುವಾಗಿ ಅಲ್ಲ. ಮೂರನೇದು ಎನ್‌ಎಒ, ಅಂದ್ರ ಆಸ್ಬೆಸ್ಟಸ್ ಇಲ್ಲದ ಆರ್ಗ್ಯಾನಿಕ್; ಉಕ್ಕಿನ ನಾರು ಇರಂಗಿಲ್ಲ ಅನ್ನೋ ಹಂಗ. ಜಪಾನ್, ಕೊರಿಯಾ ಕಂಪನಿ ಗಾಡಿಗಳೊಳಗ ಇದೇ ಹೆಚ್ಚು. ಅದಕ್ಕೇ ನಿಮ್ಮ ಬಾಜೂ ಮನಿಯವರ ಹ್ಯಾಚ್‌ಬ್ಯಾಕ್ ಗಾಲಿ ತಿಂಗಳಾದ್ರೂ ಬೆಳ್ಳಗೇ ಇರ್ತದ. ಸಿರಾಮಿಕ್ ಅನ್ನೋದು ಬ್ಯಾರೆ ಜಾತಿ ಅಲ್ರಿ, ಎನ್‌ಎಒ ಕುಲದ್ದೇ. ಅದ್ರಾಗ ಸಿರಾಮಿಕ್ ನಾರು, ಪೊಟ್ಯಾಸಿಯಂ ಟೈಟನೇಟ್‌ದಂಥ ಖನಿಜ ಜಾಸ್ತಿ.

ಧೂಳು ಯಾಕ ಬ್ಯಾರೆ ಬ್ಯಾರೆ ಅಂದ್ರ, ಲೋ ಮೆಟಾಲಿಕ್ ಡಿಸ್ಕ್‌ಅನ್ನು ಕೆರದು ಕೆರದು ನಿಲ್ಲಸ್ತದ. ಪ್ಯಾಡೂ ಸವೀತದ, ಬೀಡುಕಬ್ಬಿಣದ ಡಿಸ್ಕೂ ಸವೀತದ. ಗಾಲಿ ಮ್ಯಾಲ ಕುಂತ ಕರಿ ಪುಡಿಯೊಳಗ ಡಿಸ್ಕಿನ ಕಬ್ಬಿಣದ ಪಾಲು ದೊಡ್ಡದು. ಎನ್‌ಎಒ, ಸಿರಾಮಿಕ್ ಹಂಗಲ್ಲ. ಅವು ಡಿಸ್ಕ್ ಮ್ಯಾಲ ತಮ್ಮದೇ ಒಂದು ತೆಳ್ಳನ ಪದರ ಕೂಡಸ್ತಾವ, ಆಮ್ಯಾಲ ಪ್ಯಾಡ್ ಆ ಪದರಕ್ಕ ತಿಕ್ಕತದ. ಡಿಸ್ಕ್ ಕಡಿಮಿ ಸವೀತದ. ಬೀಳೋ ಪುಡಿ ಬಣ್ಣದಾಗೂ ತಿಳಿ, ಗಾಲಿಗೆ ಅಂಟೋದೂ ಕಡಿಮಿ.

ಅಂದ್ರ ನಿಮ್ಮ ಗಾಡಿಗೆ ಧೂಳು ಕಡಿಮಿ ಬೇಕಂದ್ರ ಲೋ ಮೆಟಾಲಿಕ್‌ನಿಂದ ಸಿರಾಮಿಕ್‌ಗೆ ಹೋಗ್ಬೇಕು. ಎಟಿಇ ಕಂಪನಿಯ ಸಿರಾಮಿಕ್ ಅನ್ನೋ ಸಾಲು, ಇಬಿಸಿ ರೆಡ್‌ಸ್ಟಫ್, ಅಕೆಬೊನೊ ಸಿರಾಮಿಕ್, ಇವೆಲ್ಲಾ ಧೂಳು ಕಡಿಮಿ ಅಂತಲೇ ಮಾರೋ ಮಾಲು. ನಿಮ್ಮ ಮಾಡೆಲ್‌ಗೆ ಬರ್ತದೋ ಇಲ್ಲೋ ಪಾರ್ಟ್ ನಂಬರ್ ಹಿಡದು ಕೇಳ್ರಿ, ಗಾಡಿ ಹೆಸರು ಹೇಳಿ ಕೇಳಬ್ಯಾಡ್ರಿ. ಒಂದೇ ಮಾಡೆಲ್‌ಗೆ ಎರಡು ಸೈಜಿನ ಕ್ಯಾಲಿಪರ್ (ಪ್ಯಾಡ್ ಹಿಡದು ಡಿಸ್ಕಿಗೆ ಒತ್ತೋ ಭಾಗ) ಇರೋದು ಸಾಮಾನ್ಯ.

ಕೋಟೆ ಗ್ಯಾರೇಜ್, ಬೀದರ್:

ಪ್ಯಾಡ್ ಆರಿಸೋಕ್ಕಿಂತ ಮೊದಲು ಎರಡು ತಪಾಸ್ ಮಾಡ್ರಿ ಅಣ್ಣಾ. ಇಲ್ಲಂದ್ರ ರೊಕ್ಕ ಹಾಕಿದ ಮ್ಯಾಲೂ ಗಾಲಿ ಕರ್ರಗೇ.

ಒಂದು, ಬ್ರೇಕ್ ಹಿಡಕೊಂಡು ಓಡ್ತದೇನು? ಊರ ಹೊರಗ ಹತ್ತು ಕಿಲೋಮೀಟರ್ ಓಡಸ್ರಿ, ಕೊನಿಗೆ ಬ್ರೇಕ್ ಕಡಿಮಿ ಒತ್ತಿ ಗೇರ್ ಮ್ಯಾಲ ನಿಲ್ಲಸ್ರಿ. ಇಳದು ಎಡಕ ಬಲಕ ತಾಪ ನೋಡ್ರಿ. ಕೈ ಮುಟ್ಟಸಬ್ಯಾಡ್ರಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಸಸ್ತಾ ಸಿಗ್ತದ. ಹೊಳಿಯೋ ಡಿಸ್ಕ್ ಮುಖಕ್ಕ ಹಿಡದ್ರ ತಾಪ ಕಡಿಮಿ ತೋರಸ್ತದ. ಅದಕ್ಕ ಎರಡೂ ಕಡೆ ಕ್ಯಾಲಿಪರಿನ ಒಂದೇ ಜಾಗಕ್ಕ ಹಿಡೀರಿ. ಎರಡರ ನಡುವ 20–25 ಡಿಗ್ರಿ ಮೀರಿ ಫರಕ್ ಬಂತಂದ್ರ ಬಿಸಿ ಇದ್ದ ಕಡೆ ಪಿನ್ (ಕ್ಯಾಲಿಪರ್ ಜಾರೋ ಕಡ್ಡಿ) ಅಥವಾ ಪಿಸ್ಟನ್ (ಪ್ಯಾಡ್ ಒತ್ತೋ ಭಾಗ) ಹಿಡದದ ಅಂತ ತಿಳೀರಿ.

ಎರಡು, ಹಿಂದಿನ ಡ್ರಮ್. ಇದನ್ನ ಯಾರೂ ನೋಡಂಗಿಲ್ಲ. ಡ್ರಮ್ ಒಳಗಿನ ಅಡ್ಜಸ್ಟರ್ ಧೂಳಿಗೆ ಜಾಮ್ ಆಗಿತ್ತಂದ್ರ ಹಿಂದಿನ ಶೂ (ಡ್ರಮ್‌ಗೆ ಒಳಗಿಂದ ತಿಕ್ಕೋ ಪಟ್ಟಿ) ದೂರ ಉಳೀತಾವ, ಪೂರಾ ಭಾರ ಮುಂದಿನ ಪ್ಯಾಡ್ ಮ್ಯಾಲ ಬೀಳ್ತದ. ಹ್ಯಾಂಡ್ ಬ್ರೇಕ್ ಮೊದಲಿಗಿಂತ ಜಾಸ್ತಿ ಕಟಕಟ ಅಂದು ಮ್ಯಾಲ ಬರ್ತದಂದ್ರ ಇದೇ ಲಕ್ಷಣ. ಕೇಬಲ್ ಬಿಗಿ ಮಾಡಿ ಮುಗಸಬ್ಯಾಡ್ರಿ. ಡ್ರಮ್ ಬಿಚ್ಚಿ, ಒದ್ದಿ ಅರಿವಿಲೆ ಒರಸಿ, ಅಡ್ಜಸ್ಟರ್ ಸ್ಕ್ರೂ ತಿರಗ್ತದೇನು ನೋಡಿ, ಆಮ್ಯಾಲ ಕೇಬಲ್. ಕಂಪ್ರೆಸರ್ ಗಾಳಿ ಹೊಡದು ಡ್ರಮ್ ಧೂಳು ಹಾರಸೋದು ಮಾತ್ರ ಯಾವ ಗ್ಯಾರೇಜ್‌ದಾಗೂ ಮಾಡಬಾರದು. ಆ ಪುಡಿ ಪುಪ್ಪುಸಕ್ಕ ಹೋಗೋ ಸೈಜ್ ಇರ್ತದ.

ತೊಗರಿ ಕಣಜ:

ಒಂದು ಸರಳ ಪರೀಕ್ಷೆ ಇದೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಾಲಿಯ ಮೇಲಿನ ಪುಡಿಗೆ ಹಿಡಿಯಿರಿ. ಅಂಟಿಕೊಂಡರೆ ಬ್ರೇಕ್ ಪುಡಿ, ಇಲ್ಲದಿದ್ದರೆ ರಸ್ತೆ ಧೂಳು.

ಕರಿಕಲ್ಲು:

ಬೇರೆ ಊರಲ್ಲಾದರೆ ಸರಿ, ನಮ್ಮ ಕಡೆ ಈ ಪರೀಕ್ಷೆ ನಂಬಬೇಡಿ. ನಮ್ಮ ಎರೆ ಮಣ್ಣು ದಖ್ಖನ್ನಿನ ಬಸಾಲ್ಟ್ ಕಲ್ಲು ಸವೆದು ಆದದ್ದು, ಅದರಲ್ಲೇ ಮ್ಯಾಗ್ನೆಟೈಟ್ ಕಣಗಳಿವೆ. ಹಳ್ಳದ ಉಸುಕಿಗೆ ಅಯಸ್ಕಾಂತ ಹಿಡಿದು ನೋಡಿ, ಕರಿ ಪುಡಿ ಮೀಸೆಯ ಹಾಗೆ ಎದ್ದು ನಿಲ್ಲುತ್ತದೆ. ಬೀದರಿನ ಕೆಂಪು ಮಣ್ಣಲ್ಲೂ ಅಷ್ಟಿಷ್ಟು ಅಂಟುವ ಕಣ ಸಿಗುತ್ತವೆ.

ಬಿಳಿ ಬಟ್ಟೆ ಒದ್ದೆ ಮಾಡಿ ಗಾಲಿಯ ಒಳಮೈ ಒರೆಸಿ. ಎರೆ ಮಣ್ಣು ಬೂದುಕಂದು ಬಣ್ಣದಲ್ಲಿ ನೀರಿಗೆ ಸುಲಭವಾಗಿ ಬಿಡುತ್ತದೆ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆಯ ಸುಣ್ಣಕಲ್ಲು, ಸಿಮೆಂಟ್ ಧೂಳು ಬೂದುಬಿಳಿ, ಒಣಗಿದ ಮೇಲೆ ಪೊರೆಯಾಗಿ ಗಟ್ಟಿಯಾಗುತ್ತದೆ. ಬ್ರೇಕ್ ಪುಡಿ ಗ್ರಾಫೈಟಿನಿಂದಾಗಿ ಪೆನ್ಸಿಲ್ ಪುಡಿಯಂತೆ ಕಪ್ಪಗೆ, ಜಿಡ್ಡಾಗಿ ಬಟ್ಟೆಗೆ ಹತ್ತುತ್ತದೆ. ಬಹಳ ದಿನ ಬಿಟ್ಟಿದ್ದರೆ ತುಕ್ಕಿನ ಚುಕ್ಕೆಗಳೂ ಕಾಣುತ್ತವೆ. ಸೇಡಂ ರೋಡ್ ಅವರ ಗಾಡಿಗೆ ಹಿಂದೆ ಡ್ರಮ್ ಇರುವುದರಿಂದ ಹಿಂದಿನ ಗಾಲಿ ಬೆಳ್ಳಗಿರುವುದು ಸಹಜ, ಡ್ರಮ್ ತನ್ನ ಪುಡಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ನೋಡಬೇಕಾದದ್ದು ಮುಂದಿನ ಎಡ ಮತ್ತು ಬಲ ಸಮ ಕಪ್ಪಾಗಿವೆಯೇ ಎಂದು.

ಸೇಡಂ ರೋಡ್:

ಎಡಕಿನದು ಜಾಸ್ತಿ ಕರ್ರಗ ಅದ್ರಿ. ತಾಪ ನೋಡಿದ್ರ ಎಡಕ 118, ಬಲಕ 84. ಎಡಕಿನ ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ತೆಳ್ಳಗೂ ಅದ.

ಕೋಟೆ ಗ್ಯಾರೇಜ್, ಬೀದರ್:

ಸಿಕ್ತು ನೋಡ್ರಿ. ಒಳಗಿನ ಪ್ಯಾಡ್ ಒಂದೇ ಜಾಸ್ತಿ ಸವದದ ಅಂದ್ರ ಕ್ಯಾಲಿಪರ್ ಪಿನ್ ಮ್ಯಾಲ ಜಾರವಲ್ದು. ಪಿಸ್ಟನ್ ಒಳಗಿನ ಪ್ಯಾಡ್ ಒತ್ತತದ, ಆದ್ರ ಇಡೀ ಕ್ಯಾಲಿಪರ್ ಸರಿದು ಹೊರಗಿನ ಪ್ಯಾಡ್ ಎಳಕೋಬೇಕಲ್ಲ, ಅದು ಆಗವಲ್ದು. ಪ್ಯಾಡ್ ಅಷ್ಟೇ ಬದಲಿಸಿದ್ರ ಎಂಥಾ ಸಿರಾಮಿಕ್ ಇದ್ರೂ ಎಡಕಿನ ಗಾಲಿ ಮತ್ತ ಮೊದಲಿನಂಗೇ.

ಇಲ್ಲಿ ಒಂದು ಸೂಕ್ಷ್ಮ ಅದ. ಮಾರುತಿ, ಹುಂಡೈ, ಟೊಯೊಟಾ ಗಾಡಿಯೊಳಗ ಪಿನ್ ರಬ್ಬರ್ ಬೂಟ್‌ದೊಳಗ ಕೂತಿರ್ತದ, ಅದಕ್ಕ ಗ್ರೀಸ್ ಬೇಕೇ ಬೇಕು. ಭಾಳ ಯುರೋಪ್ ಗಾಡಿಯೊಳಗ 7 ಮಿ.ಮೀ. ಅಲೆನ್ ಕೀ ಹಾಕೋ ನುಣ್ಣನ ಉಕ್ಕಿನ ಪಿನ್ ರಬ್ಬರ್ ಬುಶ್ (ಕೊಳವಿ) ಒಳಗ ಒಣಾನೇ ಓಡ್ಬೇಕು. ಅದಕ್ಕ ಗ್ರೀಸ್ ಹಚ್ಚಿದ್ರ ಧೂಳು ಹಿಡದು ಬುಶ್ ಜಾಮ್. ಅಂಥಾ ಪಿನ್ ಒರಸಿ ನೋಡ್ರಿ. ತುಕ್ಕಿನ ಗುಳಿ ಇದ್ರ ಪಿನ್ ಬದಲಿ, ಬುಶ್ ಉಬ್ಬಿದ್ರ ಬುಶ್ ಬದಲಿ. ಯಾವ ತರಹದ್ದು ಅಂತ ಬಿಚ್ಚಿದ ಕೂಡಲೇ ಗೊತ್ತಾಗ್ತದ.

ಗ್ರೀಸ್ ಬೇಕಾದ ಪಿನ್ನಿಗೂ ಬ್ರೇಕ್‌ಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ತರ್ರಿ. ಬೇರಿಂಗ್‌ಗೆ ಹಾಕೋ ಹಳದಿ ಗ್ರೀಸ್ ಪೆಟ್ರೋಲಿಯಂದು. ಅದು ರಬ್ಬರ್ ಉಬ್ಬಸ್ತದ, ಪಿನ್ ಮತ್ತಿಷ್ಟು ಗಟ್ಟಿ ಹಿಡೀತದ. ತೆಳ್ಳಗ ಹಚ್ಚಬೇಕು. ತೂತಿನ ಬುಡದಾಗ ಗ್ರೀಸ್ ತುಂಬಿದ್ರ ಗಾಳಿ ಸಿಕ್ಕೊಂಡು ಪಿನ್ ವಾಪಸ್ ತಳ್ಳತದ.

ಭೀಮಾ ತೀರ:

ಧೂಳು ಧೂಳು ಅಂತ ನೋಡುತ್ತಾ ನಿಲ್ಲಿಸುವ ಕೆಲಸ ಮರೆಯಬೇಡಿ. ಸಿರಾಮಿಕ್ ಪ್ಯಾಡ್ ತಣ್ಣಗಿದ್ದಾಗ ಕಚ್ಚುವುದು ಲೋ ಮೆಟಾಲಿಕ್‌ಗಿಂತ ಮೃದು, ಪೆಡಲ್ ಸ್ವಲ್ಪ ಹೆಚ್ಚು ಒತ್ತಬೇಕಾಗುತ್ತದೆ. ಅದಕ್ಕಿಂತ ಮುಖ್ಯ, ಅದು ಶಾಖವನ್ನು ಕಡಿಮೆ ಒಯ್ಯುತ್ತದೆ, ಹಾಗಾಗಿ ಹೆಚ್ಚು ಶಾಖ ಡಿಸ್ಕಿನಲ್ಲೇ ಉಳಿಯುತ್ತದೆ. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ನೆರಳಿನ ತಾಪವೇ 42–43 ಡಿಗ್ರಿ. ಐದು ಜನ, ಡಿಕ್ಕಿ ತುಂಬ ಸಾಮಾನು, ರಾಷ್ಟ್ರೀಯ ಹೆದ್ದಾರಿ 65ರಲ್ಲಿ ನೂರರ ವೇಗ, ಎದುರಿಗೆ ಎಮ್ಮೆ ಹಿಂಡು. 100ರಿಂದ ನಿಲ್ಲಿಸಲು ಬ್ರೇಕ್ ಹೀರಬೇಕಾದ ಶಕ್ತಿ 60ರಿಂದ ನಿಲ್ಲಿಸುವುದಕ್ಕಿಂತ ಸುಮಾರು 2.8 ಪಟ್ಟು. ಅಗ್ಗದ ಆರ್ಗ್ಯಾನಿಕ್ ಪ್ಯಾಡ್ ಒಂದು ಸಲ ನಿಲ್ಲಿಸುತ್ತದೆ, ಬೆನ್ನಿಗೇ ಎರಡನೇ ಸಲ ಒತ್ತಿದರೆ ಕಟ್ಟಿಗೆ ಒತ್ತಿದ ಹಾಗೆ.

ನನ್ನ ಅಭಿಪ್ರಾಯ ಇಷ್ಟೇ: ಗಾಲಿ ಒರೆಸುವುದು ಹತ್ತು ನಿಮಿಷದ ಕೆಲಸ, ಕಂಪನಿಯ ಪ್ಯಾಡೇ ಇರಲಿ.

ಬಿಡಿಭಾಗ ಕೌಂಟರ್:

ಅಗ್ಗದ ಆರ್ಗ್ಯಾನಿಕ್ ಬಗ್ಗೆ ನೀವು ಹೇಳಿದ್ದು ನೂರಕ್ಕ ನೂರು ಖರೆ. ಆದ್ರ ಒಳ್ಳೆ ಸಿರಾಮಿಕ್‌ನ ಅದರ ಸಾಲಿನಾಗ ಕೂಡಿಸಬ್ಯಾಡ್ರಿ ಸರ್. ಅದಕ್ಕೊಂದು ಅಳತಿ ಅದ. ಡಬ್ಬಿ ಮತ್ತ ಪ್ಯಾಡ್ ಬೆನ್ನಿನ ಮ್ಯಾಲ ವೃತ್ತದೊಳಗ 'ಇ' ಗುರುತು, ಅದರ ಬಾಜೂ '90ಆರ್' ಅಂತ ಶುರು ಆಗೋ ನಂಬರ್ ಇದ್ರ ಅದು ಯುರೋಪಿನ ಇಸಿಇ ಆರ್90 ಪಾಸಾದ ಪ್ಯಾಡ್. ಆ ನಿಯಮದ ಪ್ರಕಾರ ಬದಲಿ ಪ್ಯಾಡಿನ ಹಿಡಿತ ಗಾಡಿ ಜೋಡಿ ಬಂದ ಪ್ಯಾಡಿಗಿಂತ ಶೇ. 15ರ ಒಳಗಿನ ಫರಕ್‌ನಾಗ ಇರಬೇಕು. ಧೂಳು ಕಡಿಮಿ ಅನ್ನೋ ಮಾತಿನ ಜೋಡಿ ಈ ಗುರುತೂ ಇದ್ರ ತಗೋರಿ. ಬರೇ 'ಸಿರಾಮಿಕ್' ಅಂತ ಬಂಗಾರದ ಅಕ್ಷರದಾಗ ಬರದಿದ್ರ ಕೈ ಮುಗದು ಬಿಡ್ರಿ. ಆ ಮಾತು ಯಾರು ಬೇಕಾದ್ರೂ ಛಾಪಿಸಬಹುದು.

ಪ್ಯಾಡ್ ಅಂಚಿನ ಮ್ಯಾಲ ಇಂಗ್ಲಿಷ್ ಅಕ್ಷರ ಎರಡು ಇರ್ತಾವ, ಎಫ್ಎಫ್, ಜಿಎಫ್ ಅಂತ. ಅದು ಎಸ್‌ಎಇ ಜೆ866 ಅನ್ನೋ ಅಮೆರಿಕದ ಅಳತಿ ಲೆಕ್ಕ. ಮೊದಲನೇ ಅಕ್ಷರ ಸಾಧಾರಣ ತಾಪದಾಗಿನ ಹಿಡಿತ, ಎರಡನೇದು ಕಾದಾಗಿನ ಹಿಡಿತ. ಇ ಅಂದ್ರ ಘರ್ಷಣಾಂಕ 0.25ರಿಂದ 0.35, ಎಫ್ ಅಂದ್ರ 0.35ರಿಂದ 0.45, ಜಿ ಅಂದ್ರ 0.45ರಿಂದ 0.55. ಎಫ್ಎಫ್ ಇದ್ರ ಸಾಕು, ಕಾದಾಗೂ ಅಷ್ಟೇ ಹಿಡೀತದ. ಎಫ್ಇ ಇದ್ರ ಕಾದಾಗ ಇಳೀತದ ಅಂತ ಅರ್ಥ. ಭೀಮಾ ತೀರ ಅವರು ಹೆದರೋದು ಅಂಥಾದ್ದಕ್ಕ. ಈ ಅಕ್ಷರ ಧೂಳಿನ ಬಗ್ಗೆ ಮಾತ್ರ ಏನೂ ಹೇಳಂಗಿಲ್ಲ.

ಎಲಿ ಗುರುತಿನ ಜೋಡಿ ಎ, ಬಿ, ಎನ್ ಅಂತ ಬ್ಯಾರೆ ಒಂದು ಛಾಪ ಇರ್ತದ. ಅದು ಅಮೆರಿಕದ ತಾಮ್ರದ ನಿಯಮ: ಬಿ ಅಂದ್ರ ತಾಮ್ರ ಶೇ. 5ಕ್ಕಿಂತ ಕಡಿಮಿ, ಎನ್ ಅಂದ್ರ ಶೇ. 0.5ಕ್ಕಿಂತ ಕಡಿಮಿ. ಮಳಿ ನೀರಿನ ಜೋಡಿ ತಾಮ್ರ ಹೊಳಿಗೆ ಹೋಗಬಾರದು ಅಂತ ಮಾಡಿದ್ದು. ಎನ್ ಇದ್ದದ್ದಕ್ಕ ಗಾಲಿ ಬೆಳ್ಳಗಿರ್ತದ ಅಂತ ಏನಿಲ್ಲ.

ಭೀಮಾ ತೀರ:

ಆರ್90 ಮಾತು ಒಪ್ಪಿದೆ. ಹಾಗಾದರೆ ಆ ಗುರುತಿದ್ದ ಸಿರಾಮಿಕ್ ಸರಿ. ಟ್ಯಾಕ್ಸಿ ಓಡಿಸುವವರು, ದಿನಾ ಲೋಡ್ ಹೊರುವವರು ಮಾತ್ರ ಲೋ ಮೆಟಾಲಿಕ್ ಬಿಡಬೇಡಿ.

ಸೇಡಂ ರೋಡ್:

ಡಿಸ್ಕ್ ಹಳೇದೇ ಇಟ್ಟು ಪ್ಯಾಡ್ ಅಷ್ಟೇ ಹಾಕಿದ್ರ ನಡೀತದೇನ್ರಿ? ಡಿಸ್ಕ್ ಅಂಚಿನ್ಯಾಗ ಉಗುರಿಗೆ ಹತ್ತೋ ಅಷ್ಟು ಏಣು ಅದ.

ಕೋಟೆ ಗ್ಯಾರೇಜ್, ಬೀದರ್:

ಇದೇ ಅಸಲಿ ಪ್ರಶ್ನೆ. ಸಿರಾಮಿಕ್ ಹಾಕಿಸಿ 'ಸದ್ದು ಬರ್ತದ, ಸ್ಟೇರಿಂಗ್ ನಡಗತದ' ಅಂತ ವಾಪಸ್ ಬರೋ ಗಾಡಿಯೊಳಗ ಕಾರಣ ಹೆಚ್ಚಾಗಿ ಹಳೇ ಡಿಸ್ಕೇ. ಮ್ಯಾಲ ಕೌಂಟರ್‌ನವರು ಹೇಳಿದ್ರಲ್ಲ, ಸಿರಾಮಿಕ್ ತನ್ನ ಪದರ ಕೂಡಿಸಬೇಕು ಅಂತ. ಡಿಸ್ಕ್ ಮ್ಯಾಲ ಆಗಲೇ ಲೋ ಮೆಟಾಲಿಕ್‌ದು ಪದರ ಕೂತಿದ್ರ ಹೊಸದು ಅಲ್ಲಲ್ಲಿ ಮಚ್ಚಿ ಮಚ್ಚಿ ಆಗಿ ಕೂಡ್ತದ. ಒಂದು ಕಡೆ ಹಿಡಿತ ಜಾಸ್ತಿ, ಒಂದು ಕಡೆ ಕಡಿಮಿ. ಅದೇ ನಡುಕ. ಡಿಸ್ಕ್ ಸೊಟ್ಟ ಆಗದ ಅಂತ ಎಲ್ಲಾರೂ ಅಂತಾರ, ಭಾಳ ಸಲ ಸೊಟ್ಟ ಆಗಿರಂಗಿಲ್ಲ.

ಡಿಸ್ಕಿನ ಟೋಪಿ ಮ್ಯಾಲ ಅಥವಾ ಅಂಚಿಗೆ ಕನಿಷ್ಠ ದಪ್ಪ ಎಷ್ಟು ಅಂತ ಕೊರದಿರ್ತದ. ಮೈಕ್ರೋಮೀಟರ್‌ಲೆ ಆರೇಳು ಕಡೆ ಅಳೀರಿ. ಕನಿಷ್ಠಕ್ಕ ಹತ್ರ ಬಂದಿದ್ರ ಅಥವಾ ಏಣು ದೊಡ್ಡದಿದ್ರ ಡಿಸ್ಕ್ ಜೋಡಿ ಬದಲಿ ಮಾಡ್ರಿ, ಹೊಸ ಪ್ಯಾಡ್ ಆ ಏಣಿಗೆ ತಗಲಿ ಕಿರ್ ಅಂತದ. ದಪ್ಪ ಸಾಕಷ್ಟದ, ಮುಖ ನುಣ್ಣಗದ ಅಂದ್ರ 120 ಅಥವಾ 150 ನಂಬರಿನ ಪಾಲಿಶ್ ಪೇಪರ್ ತಗೊಂಡು ಎರಡೂ ಮುಖ ಗುಂಡಗುಂಡಗ ತಿಕ್ಕಿ ಹಳೇ ಪದರ ತಗೀರಿ, ಹೊಳಪು ಹೋಗಿ ಮಂಕ ಆಗ್ಬೇಕು. ಆಮ್ಯಾಲ ಬ್ರೇಕ್ ಕ್ಲೀನರ್ ಹೊಡದು ಶುದ್ಧ ಅರಿವಿಲೆ ಒರಸ್ರಿ. ಡಿಸ್ಕ್ ತಗದು ಹಬ್ (ಡಿಸ್ಕ್ ಕೂಡೋ ಜಾಗ) ಮುಖದ ತುಕ್ಕೂ ತಂತಿ ಬ್ರಶ್‌ಲೆ ತಿಕ್ಕ್ರಿ. ಹಬ್ ಮ್ಯಾಲ ತುಕ್ಕಿನ ಚೂರು ಉಳದ್ರ ಹೊಸ ಡಿಸ್ಕೂ ಓರೆ ಕೂಡ್ತದ.

ಇನ್ನ ಹಾಕೋ ಕೆಲಸ. ಗಾಲಿ ನಟ್ ನೆಲದ ಮ್ಯಾಲೇ ಸಡ್ಲ ಮಾಡಿ ಆಮ್ಯಾಲ ಜಾಕ್. ಜಾಕ್ ಮ್ಯಾಲ ಗಾಡಿ ಬಿಟ್ಟು ಕೆಲಸ ಮಾಡಬ್ಯಾಡ್ರಿ, ಸ್ಟ್ಯಾಂಡ್ ಇಡ್ರಿ. ಪರಸಿ ಕಲ್ಲಿನ ಅಂಗಳದಾಗ ಸ್ಟ್ಯಾಂಡ್ ಜಾರತದ, ಕೆಳಗ ದಪ್ಪ ಹಲಗಿ ಹಾಕ್ರಿ. ಸ್ಟೇರಿಂಗ್ ಹೊರಳಿಸಿದ್ರ ಕ್ಯಾಲಿಪರ್ ಹಿಂಭಾಗ ಕೈಗೆ ಸಿಗ್ತದ. ಪಿನ್ ಬಿಚ್ಚಿ ಕ್ಯಾಲಿಪರ್ ತಗದು ತಂತಿಲೆ ಸ್ಪ್ರಿಂಗ್‌ಗೆ ಕಟ್ರಿ, ಹೋಸ್ (ಬ್ರೇಕ್ ಎಣ್ಣಿ ಬರೋ ರಬ್ಬರ್ ಪೈಪ್) ಮ್ಯಾಲ ಜೋತು ಬಿಡಬ್ಯಾಡ್ರಿ. ಹೋಸ್ ಒಳಗಿನ ಪದರ ಹರದ್ರ ಹೊರಗ ಕಾಣಂಗಿಲ್ಲ, ಆದ್ರ ಎಣ್ಣಿ ವಾಪಸ್ ಬರದ ಬ್ರೇಕ್ ಹಿಡಕೊಂಡೇ ಇರ್ತದ.

ಪಿಸ್ಟನ್ ಒಳಗ ತಳ್ಳೋಕ್ಕಿಂತ ಮೊದಲು ಬಾನೆಟ್ ತಗದು ಬ್ರೇಕ್ ಎಣ್ಣಿ ಡಬ್ಬಿ ನೋಡ್ರಿ. ಯಾರರೆ ನಡುವ ಟಾಪ್ ಅಪ್ ಮಾಡಿದ್ರ ತಳ್ಳಿದಾಗ ಉಕ್ಕಿ ಚೆಲ್ಲತದ. ಬ್ರೇಕ್ ಎಣ್ಣಿ ಪೇಂಟ್ ತಿಂತದ. ಸಿರಿಂಜ್‌ಲೆ ಸ್ವಲ್ಪ ತಗೀರಿ. ಹಳೇ ಪ್ಯಾಡ್ ಪಿಸ್ಟನ್‌ಗೆ ಅಡ್ಡ ಇಟ್ಟು ಸಿ ಕ್ಲ್ಯಾಂಪ್‌ಲೆ ನಿಧಾನ ತಿರಗಸ್ರಿ. ಕೈ ಬಲಕ್ಕ ಹೋಗದ ಪಿಸ್ಟನ್ ಇದ್ರ ಅಥವಾ ಬೂಟ್ ಹರದಿದ್ರ ಸೀಲ್ ಕಿಟ್ ಹಾಕಸ್ರಿ. ಇದು ನಿಮ್ಮ ಎಡಕಿನ ಕಡೆ ಖಾತ್ರಿ ಮಾಡ್ಕೋರಿ.

ಪ್ಯಾಡಿನ ಕಿವಿ ಕೂಡೋ ಬ್ರ್ಯಾಕೆಟ್ ಜಾಗ ತಂತಿ ಬ್ರಶ್‌ಲೆ ತಿಕ್ಕಿ ತುಕ್ಕು ಪೂರಾ ತಗೀರಿ, ಕ್ಲಿಪ್ ಹೊಸಾವು ಹಾಕ್ರಿ. ಪ್ಯಾಡ್ ಬೆರಳಿಲೆ ತಳ್ಳಿದ್ರ ಸರೀಬೇಕು, ಸುತ್ತಿಗಿ ಬೇಕಾಯ್ತಂದ್ರ ಏನೋ ತಪ್ಪದ. ಸವಕಳಿ ತೋರಿಸೋ ತಗಡಿನ ನಾಲಿಗಿ ಇದ್ದದ್ದು ಹೆಚ್ಚಾಗಿ ಒಳಗಿನ ಕಡೆ. ಮೂರು ಕಾಲಿನ ಸ್ಪ್ರಿಂಗ್ ಇದ್ದ ಪ್ಯಾಡ್ ಪಿಸ್ಟನ್ ಒಳಗ ಕೂಡೋದು. ಶಿಮ್ (ಪ್ಯಾಡ್ ಬೆನ್ನಿಗೆ ಹಾಕೋ ತೆಳ್ಳನ ತಗಡು) ಜೋಡಿ ಬಂದಿದ್ರ ಬಿಡಬ್ಯಾಡ್ರಿ, ಕೀಚ್ ಸದ್ದು ತಡಿಯೋದು ಅದೇ. ಪ್ಯಾಡ್ ಮುಖಕ್ಕ, ಡಿಸ್ಕಿಗೆ ಗ್ರೀಸ್ ಬೆರಳೂ ತಗಲಬಾರದು.

ಪಿನ್ ಬಿಗಿ ಸುಮಾರು 25–35 ನ್ಯೂಟನ್ ಮೀಟರ್ ಇರ್ತದ, ಗಾಲಿ ನಟ್ ಗಾಡಿ ಪುಸ್ತಕದಾಗ ಬರದಷ್ಟು. ರೋಡ್ ಬಾಜೂ ಗಾಳಿ ಗನ್‌ಲೆ ಬಿಗಿದ್ರ ನಟ್ ಒಂದು ಬಿಗಿ ಒಂದು ಸಡ್ಲ ಆಗಿ ಡಿಸ್ಕ್ ಓರೆ ಕೂಡ್ತದ. ಕೊನಿಗೆ ಅತಿ ಮುಖ್ಯದ್ದು: ಗಾಡಿ ಕದಲಿಸೋಕ್ಕಿಂತ ಮೊದಲು ಪೆಡಲ್ ಹತ್ತು ಹದಿನೈದು ಸಲ ಒತ್ತಿ ಗಟ್ಟಿ ಮಾಡ್ಕೋರಿ. ಪಿಸ್ಟನ್ ಹಿಂದ ಹೋಗಿರ್ತದ, ಮೊದಲನೇ ಒತ್ತಿಗೆ ಬ್ರೇಕೇ ಇರಂಗಿಲ್ಲ.

ಯಾದಗಿರಿ ಸ್ಟೇಷನ್ ರೋಡ್:

ಹಿಂದೂ ಡಿಸ್ಕ್ ಇದ್ದ ಗಾಡಿ ನಮ್ಮದು. ಹಿಂದಿನ ಪಿಸ್ಟನ್ನೂ ಕ್ಲ್ಯಾಂಪ್‌ಲೇ ತಳ್ಳಬಹುದಾ?

ಕೋಟೆ ಗ್ಯಾರೇಜ್, ಬೀದರ್:

ತಳ್ಳಬ್ಯಾಡ್ರಿ. ಹ್ಯಾಂಡ್ ಬ್ರೇಕ್ ಕೇಬಲ್ ಹಿಂದಿನ ಕ್ಯಾಲಿಪರ್‌ಗೇ ಇದ್ರ ಅದರ ಪಿಸ್ಟನ್ ತಿರುಗಿಸಿ ಒಳಗ ಕಳಸೋದು, ಅದಕ್ಕ ಬ್ಯಾರೆ ಟೂಲ್ ಅದ. ಬಟನ್ ಹ್ಯಾಂಡ್ ಬ್ರೇಕ್ ಇದ್ರ ಸ್ಕ್ಯಾನರ್‌ಲೆ ಸರ್ವಿಸ್ ಮೋಡ್‌ಗೆ ಹಾಕಿ ಆಮ್ಯಾಲ. ಬಲ ಹಾಕಿದ್ರ ಒಳಗಿನ ಮೋಟಾರ್ ಸ್ಕ್ರೂ ಮುರೀತದ.

ತೊಗರಿ ಕಣಜ:

ಹೊಸ ಪ್ಯಾಡ್ ಪಳಗಿಸುವ ಬಗ್ಗೆ ಯಾರೂ ಬರೆದಿಲ್ಲ. ಸಿರಾಮಿಕ್‌ಗೆ ಇದು ಬಿಟ್ಟರೆ ಅರ್ಧ ರೊಕ್ಕ ನೀರಿಗೆ ಹಾಕಿದಂತೆ. ಬೆಳಗಿನ ಜಾವ ರಿಂಗ್ ರೋಡಿನ ಖಾಲಿ ತುಂಡು ಅಥವಾ ಜೇವರ್ಗಿ ರಸ್ತೆಯ ನೇರ ಭಾಗ ಸಾಕು, ಹಿಂದೆ ಗಾಡಿ ಇರಬಾರದು. 60ರ ವೇಗದಿಂದ 10ಕ್ಕೆ ಮಧ್ಯಮ ಒತ್ತಿನಲ್ಲಿ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಮತ್ತೆ ವೇಗ ಹಿಡಿದು ಅರ್ಧ ನಿಮಿಷ ಬಿಟ್ಟು ಮತ್ತೆ. ಹೀಗೆ ಎಂಟು ಹತ್ತು ಸಲ. ನಂತರ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಕಾದ ಬ್ರೇಕ್ ಒತ್ತಿಕೊಂಡೇ ನಿಂತರೆ ಪ್ಯಾಡ್ ಇದ್ದ ಜಾಗದಲ್ಲೇ ದಪ್ಪ ಮಚ್ಚೆ ಬೀಳುತ್ತದೆ, ಮುಂದೆ ಅದೇ ನಡುಕ. ಪ್ಯಾಡ್ ಡಬ್ಬಿಯಲ್ಲಿ ಬೇರೆ ಕ್ರಮ ಬರೆದಿದ್ದರೆ ಅದನ್ನೇ ಅನುಸರಿಸಿ.

ಮೊದಲ ಮುನ್ನೂರು ನಾನೂರು ಕಿಲೋಮೀಟರ್ ಧೂಳು ಹೆಚ್ಚೇ ಬರುತ್ತದೆ. ಅದನ್ನು ನೋಡಿ ಪ್ಯಾಡ್ ಬೈಯಬೇಡಿ.

ಕರಿಕಲ್ಲು:

ಗಾಲಿ ತೊಳೆಯುವುದರ ಬಗ್ಗೆಯೂ ಎರಡು ಮಾತು. ಈಗ ಕೂತಿರುವ ಕಪ್ಪು ಶಾಂಪೂವಿಗೆ ಪೂರ್ತಿ ಹೋಗುವುದಿಲ್ಲ, ಕಬ್ಬಿಣದ ಬಿಸಿ ಕಣ ಗಾಲಿಯ ಮೇಲ್ಪದರವಾದ ಲ್ಯಾಕರ್‌ನೊಳಗೆ ಕಚ್ಚಿರುತ್ತದೆ. ಐರನ್ ರಿಮೂವರ್ ಎಂದು ಸಿಗುವ ದ್ರಾವಣದಲ್ಲಿ ಥಯೋಗ್ಲೈಕೊಲೇಟ್ ಇರುತ್ತದೆ, ಕಬ್ಬಿಣಕ್ಕೆ ತಗುಲಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ವಾಸನೆ ಕೊಳೆತ ಮೊಟ್ಟೆಯದು, ಮನೆಯವರು ಬೈದರೆ ನನ್ನ ಹೆಸರು ಹೇಳಬೇಡಿ. ತಣ್ಣಗಿರುವ ಗಾಲಿಗೆ, ನೆರಳಿನಲ್ಲಿ ಹೊಡೆದು ಮೂರ್ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲೇ ಮೃದು ಬ್ರಶ್‌ನಿಂದ ತಿಕ್ಕಿ ತೊಳೆಯಿರಿ. ನಮ್ಮ ಬಿಸಿಲಿಗೆ ಮೂರು ನಿಮಿಷವೂ ಹೆಚ್ಚಾಗಬಹುದು. ಟಾಯ್ಲೆಟ್ ಆ್ಯಸಿಡ್ ಹಾಕುವವರೂ ಇದ್ದಾರೆ. ಅದು ಲ್ಯಾಕರ್ ಕಿತ್ತು ಅಲ್ಯೂಮಿನಿಯಂ ಕಪ್ಪಾಗಿಸುತ್ತದೆ.

ಕಲಬುರಗಿಯ ಬೋರ್ ನೀರು ಗಡಸು. ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ಬಿಳಿ ಚುಕ್ಕೆ ನಿಲ್ಲುತ್ತವೆ, ಅದನ್ನೂ ಜನ ಬ್ರೇಕ್ ಕಲೆ ಎಂದುಕೊಳ್ಳುತ್ತಾರೆ. ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಒಣಗಿಸಿ. ನಿಂತ ಚುಕ್ಕೆಗೆ ನೀರು ಬೆರೆಸಿದ ವಿನೆಗರ್ ಬಟ್ಟೆಯಲ್ಲಿ ಒಂದು ನಿಮಿಷ, ಆಮೇಲೆ ಚೆನ್ನಾಗಿ ತೊಳೆಯಿರಿ. ಪೂರ್ತಿ ಶುದ್ಧವಾದ ಗಾಲಿಗೆ ವ್ಯಾಕ್ಸ್ ಅಥವಾ ಗಾಲಿಗೆಂದೇ ಬರುವ ಕೋಟಿಂಗ್ ಹಚ್ಚಿದರೆ ಮುಂದೆ ಪೈಪಿನ ನೀರಿಗೇ ಅರ್ಧ ಕಪ್ಪು ಇಳಿಯುತ್ತದೆ. ಗಾಲಿ ಮತ್ತು ಡಿಸ್ಕ್ ನಡುವೆ ಹಾಕುವ ತಟ್ಟೆಯಂಥ ಧೂಳು ತಡೆಗಳನ್ನು ಮಾತ್ರ ಕೊಳ್ಳಬೇಡಿ, ಡಿಸ್ಕಿಗೆ ಬೇಕಾದ ಗಾಳಿಗೇ ಅಡ್ಡ.

ಭೀಮಾ ತೀರ:

ಒಂದು ಪಕ್ಕದ ಮಾತು. ಯುರೋಪಿನ ಯುರೋ 7 ನಿಯಮ 2024ರಲ್ಲಿ ಬಂತು, ಮೊದಲ ಬಾರಿಗೆ ಬ್ರೇಕ್ ಧೂಳಿಗೂ ಮಿತಿ ಹಾಕಿದ್ದಾರೆ: ಪೆಟ್ರೋಲ್, ಡೀಸೆಲ್ ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ಬರೀ ಬ್ಯಾಟರಿ ಕಾರಿಗೆ 3. ಹಾಗಾಗಿ ಅಲ್ಲಿನ ಕಂಪನಿಗಳ ಪ್ಯಾಡ್ ಮಿಶ್ರಣವೇ ಬದಲಾಗಲಿದೆ. ಪೋರ್ಶೆಯವರು 2017ರಲ್ಲೇ ಕಯೆನ್‌ಗೆ ಟಂಗ್‌ಸ್ಟನ್ ಕಾರ್ಬೈಡ್ ಲೇಪಿಸಿದ ಡಿಸ್ಕ್ ಕೊಟ್ಟು, ಧೂಳು ಬಹಳ ಕಡಿಮೆ ಎಂದು ತೋರಿಸಲು ಕ್ಯಾಲಿಪರ್‌ಗೆ ಬಿಳಿ ಬಣ್ಣ ಬಳಿದಿದ್ದರು. ನಮ್ಮ ಎರೆ ಮಣ್ಣಲ್ಲಿ ಆ ಬಿಳಿ ಒಂದು ಮಳೆ ತಡೆಯಲಿಕ್ಕಿಲ್ಲ.

ಯಾದಗಿರಿ ಸ್ಟೇಷನ್ ರೋಡ್:

ಎಲೆಕ್ಟ್ರಿಕ್ ಗಾಡಿಗೂ ಸಿರಾಮಿಕ್ ಬೇಕೇನ್ರಿ?

ಕೋಟೆ ಗ್ಯಾರೇಜ್, ಬೀದರ್:

ಬ್ಯಾಡ್ರಿ. ವೇಗ ಇಳಿಸೋ ಕೆಲಸ ಮೋಟಾರೇ ಮಾಡ್ತದ, ಪ್ಯಾಡ್ ಸವಿಯೋದೇ ಕಡಿಮಿ. ಅಲ್ಲಿ ತ್ರಾಸು ಉಲ್ಟಾ: ಬ್ರೇಕ್ ಒತ್ತದ ಡಿಸ್ಕ್ ತುಕ್ಕು ಹಿಡೀತದ, ಪಿನ್ ಜಾಮ್ ಆಗ್ತದ. ಮಳಿಗಾಲದಾಗ ದಿನಕ್ಕ ಎರಡು ಮೂರು ಸಲ ರೀಜೆನ್ (ಮೋಟಾರ್ ವೇಗ ಇಳಿಸೋದು) ಕಡಿಮಿ ಮಾಡಿ ಪೆಡಲ್ ಬ್ರೇಕ್ ಒತ್ತ್ರಿ, ಸಾಕು.

ಸೇಡಂ ರೋಡ್:

ಹಂಗಾದ್ರ ಲೆಕ್ಕ ಹಿಂಗ ಹಾಕ್ತೀನ್ರಿ: ಎಡಕಿನ ಪಿನ್ ಬುಶ್ ಮೊದಲು, ಹಿಂದಿನ ಡ್ರಮ್ ಅಡ್ಜಸ್ಟರ್, ಡಿಸ್ಕ್ ದಪ್ಪ ಅಳದು ನಿರ್ಧಾರ, ಆಮ್ಯಾಲ ಆರ್90 ಗುರುತಿನ ಸಿರಾಮಿಕ್. ಡಿಸ್ಕ್ ದಪ್ಪ ಇಲ್ಲಿ ಯಾರು ಅಳದು ಕೊಡ್ತಾರ? ಗ್ಯಾರೇಜ್‌ದಾಗ ಕೇಳಿದ್ರ ಕಣ್ಣಿಲೇ ನೋಡಿ 'ಇನ್ನ ನಡೀತದ' ಅಂತಾರ.

ಬಿಡಿಭಾಗ ಕೌಂಟರ್:

ಲೇಥ್ ಅಂಗಡಿಗೆ ಒಯ್ಯ್ರಿ. ಟರ್ನರ್ ಹತ್ರ ಮೈಕ್ರೋಮೀಟರ್ ಇದ್ದೇ ಇರ್ತದ, ಐದು ನಿಮಿಷದ ಕೆಲಸ. ವರ್ನಿಯರ್ ಕ್ಯಾಲಿಪರ್‌ಲೆ ಅಳಸಬ್ಯಾಡ್ರಿ, ಅಂಚಿನ ಏಣಿನ ಮ್ಯಾಲ ಕೂತು ದಪ್ಪ ಜಾಸ್ತಿ ತೋರಸ್ತದ. ಡಿಸ್ಕ್ ಬದಲಿ ಆಗೋದಿದ್ರ ಪ್ಯಾಡ್, ಡಿಸ್ಕ್, ಕ್ಲಿಪ್ ಕಿಟ್, ಪಿನ್ ಬುಶ್ ನಾಕೂ ಒಂದೇ ಸಲ ಆರ್ಡರ್ ಹಾಕ್ರಿ. ಯುರೋಪ್ ಗಾಡಿ ಬುಶ್ ಭಾಳ ಸಲ ಸ್ಟಾಕ್ ಇರಂಗಿಲ್ಲ, ಹೈದರಾಬಾದ್‌ದಿಂದ ತರಿಸಬೇಕಾಗ್ತದ. ಮಾಲು ಕೈಗೆ ಬರೋ ತನಕ ಗಾಡಿ ಬಿಚ್ಚಸಬ್ಯಾಡ್ರಿ.